ಮಳೆಗಾಲಕ್ಕೂ ಸೊಟ್ಟಗಾಗದ ಮಣ್ಣುರಸ್ತೆ: ವಾರ್‌ಗೇಮ್ ಮೇಜಿಗೆ

ಪುಟ್ಟ ಸೈನಿಕ ಗೊಂಬೆಗಳನ್ನು ಮೇಜಿನ ಮೇಲೆ ನಡೆಸಿ ಆಡುವ ಯುದ್ಧದಾಟವೇ ವಾರ್‌ಗೇಮ್. 28 ಮಿ.ಮೀ. ಎತ್ತರದ ಗೊಂಬೆಗಳ ಮೇಜಿಗೆ ರಸ್ತೆ ಮಾಡುವಾಗ ಮೊದಲು ಕೈಗೆ ಬರುವುದು ರಟ್ಟು, ಇಲ್ಲವೇ ಎಂಡಿಎಫ್ (ಮರದ ನಾರು ಒತ್ತಿ ಮಾಡಿದ ಹಲಗೆ). ಮಲೆನಾಡಿನಲ್ಲಿ ಎರಡೂ ಬೇಡ. ಒಂದೇ ಮಗ್ಗುಲಿಗೆ ಅಂಟು, ಬಣ್ಣ ಬಿದ್ದ ಹಲಗೆ ಜೂನ್ ತಿಂಗಳ ಥಂಡಿ ಕುಡಿದು ದೋಣಿಯಾಗುತ್ತದೆ. ಅಡಿಕೆ ಹಾಳೆ ಪುಕ್ಕಟೆ ಸಿಗುತ್ತದೆ ನಿಜ, ಅದು ಇನ್ನೂ ಬೇಗ ಸುರುಳಿ ಸುತ್ತುತ್ತದೆ. ನೆಲಕ್ಕೆ ಹಾಸುವ ವಿನೈಲ್ ಮ್ಯಾಟಿನ ತುಂಡು ತನ್ನಿ, ಹಿಂಬದಿ ಬಟ್ಟೆಯಂತೆ ಒರಟಾಗಿರುವಂಥದ್ದು. ಆ ಒರಟು ಬದಿಯೇ ರಸ್ತೆಯ ಮೇಲ್ಮೈ.

ಒಂದೊಂದು ತುಂಡು 30 ಸೆಂ.ಮೀ. ಉದ್ದ, 10 ಸೆಂ.ಮೀ. ಅಗಲ. ಈ ಗೊಂಬೆಗಳ 1:56 ಲೆಕ್ಕದಲ್ಲಿ, ಅಂದರೆ ನಿಜದ ಅಳತೆಯ 56ರಲ್ಲಿ ಒಂದು ಪಾಲಿಗೆ, 3.75 ಮೀಟರಿನ ಒಂಟಿ ರಸ್ತೆಗೆ 6.7 ಸೆಂ.ಮೀ. ಸಾಕು, ಆದರೆ ಜೀಪಿನ ಪಕ್ಕ 25 ಮಿ.ಮೀ. ಬೇಸಿನ (ಕಾಲಡಿಯ ಬಿಲ್ಲೆಯ) ಸೈನಿಕ ನಿಲ್ಲಬೇಕಲ್ಲ. 6x4 ಅಡಿ ಮೇಜಿನ ಉದ್ದಕ್ಕೆ ಆರು ತುಂಡು ಬೇಕು. ತಿರುವಿಗೆ ಒಳಗಿನ ತ್ರಿಜ್ಯ 10, ಹೊರಗಿನದು 20 ಸೆಂ.ಮೀ. ಇಟ್ಟು 45 ಡಿಗ್ರಿಯ ತುಂಡು ಕತ್ತರಿಸಿ. ಇಂಥ ನಾಲ್ಕು ಸೇರಿದರೆ ಆಗುಂಬೆ ಘಾಟಿಯ ಹೇರ್‌ಪಿನ್ ಒಂದು ಸಿದ್ಧ. ಅಲ್ಲಿನ ಹದಿನಾಲ್ಕೂ ತಿರುವು ಬೇಕೆಂದರೆ ಮೇಜು ಸಾಲದು!

ಮೇಲೆ ಬಳಿಯಲು ಅಕ್ರಿಲಿಕ್ ಸೀಲಂಟ್, ಅಂದರೆ ಗೋಡೆಯ ಬಿರುಕು, ಸಂದು ಮುಚ್ಚುವ ಪೇಸ್ಟ್. ಅಂಗಡಿಯಲ್ಲಿ 'ಬಣ್ಣ ಹಿಡಿಯುತ್ತದೆಯೇ' ಎಂದು ಕೇಳಿಯೇ ಕೊಳ್ಳಿ. ಸಿಲಿಕೋನ್ ಸೀಲಂಟ್ ತಂದರೆ ಬಣ್ಣವೆಲ್ಲ ಸಿಪ್ಪೆಯಂತೆ ಏಳುತ್ತದೆ. 2 ಮಿ.ಮೀ. ದಪ್ಪಕ್ಕೆ ತುಂಡೊಂದಕ್ಕೆ ಸುಮಾರು 60 ಮಿ.ಲೀ. ಹಿಡಿಯುತ್ತದೆ, ಅಂದರೆ 300 ಮಿ.ಲೀ. ಟ್ಯೂಬಿಗೆ ಐದು ತುಂಡು. ಒಂದೇ ಸಲ ದಪ್ಪ ಬಳಿದರೆ ಒಣಗುವಾಗ ಕುಗ್ಗಿ ಅಂಚು ಎಳೆಯುತ್ತದೆ. 1 ಮಿ.ಮೀ.ಯ ಎರಡು ಪದರ ಮಾಡಿ. ಬಿಳಿ ಸೀಲಂಟಿಗೆ ರೆಡ್ ಆಕ್ಸೈಡ್ ಕಲಸಿದರೆ ಗುಲಾಬಿ ರಸ್ತೆಯಾಗುತ್ತದೆ. ಕಂದು ಅಕ್ರಿಲಿಕ್ ಬಣ್ಣ ಕಲಸಿ, ಹತ್ತು ಪಾಲಿಗೆ ಒಂದು ಪಾಲು.

ಮಣ್ಣು ನಮ್ಮ ಜಂಬಿಟ್ಟಿಗೆ ಮಣ್ಣೇ ಆಗಲಿ, ಆದರೆ ಹಾಗೇ ಉದುರಿಸಬೇಡಿ. ಅದರ ಜೇಡಿ ಸೀಲಂಟನ್ನು ಹಿಡಿಯದೆ ಪುಡಿಯಾಗಿ ಉದುರುತ್ತದೆ. ಬಕೆಟ್ಟಿನಲ್ಲಿ ಕದಡಿ ಕೆಂಪು ನೀರನ್ನು ಮೂರು ನಾಲ್ಕು ಸಲ ಬಸಿಯಿರಿ. ಉಳಿದ ನೊರಜನ್ನು ಹಳೇ ಬಾಣಲೆಯಲ್ಲಿ ಚೆನ್ನಾಗಿ ಹುರಿಯಿರಿ, ಇಲ್ಲದಿದ್ದರೆ ಶ್ರಾವಣದ ಹೊತ್ತಿಗೆ ಬೂಷ್ಟು ಬರುತ್ತದೆ. ಟೀ ಸೋಸುವ ಜಾಲರಿಯಲ್ಲಿ ಜರಡಿ ಹಿಡಿದು, ಎರಡನೇ ಪದರ ಹಸಿಯಿರುವಾಗಲೇ ಉದುರಿಸಿ ಅಂಗೈಯಿಂದ ಒತ್ತಿ.

ಕೂಡಲೇ ಗಾಡಿಜಾಡು ಎಳೆಯಿರಿ. ಆಟಿಕೆ ಜೀಪಿನ ಚಕ್ರವನ್ನು ನೀರಲ್ಲಿ ಅದ್ದಿ ಉರುಳಿಸಿ, ಒದ್ದೆಯಿದ್ದರೆ ಅಂಟುವುದಿಲ್ಲ. ಜಾಡುಗಳ ನಡುವೆ 25 ಮಿ.ಮೀ. ಅಂತರ. ಪ್ರತಿ ತುಂಡಿನ ಎರಡೂ ತುದಿಗೆ ಒಂದೇ ರಟ್ಟಿನ ಅಚ್ಚು ಹಿಡಿದು ಗುರುತು ಮಾಡದಿದ್ದರೆ, ಜೋಡಿಸುವಾಗ ಜಾಡು ಕೂಡುವುದೇ ಇಲ್ಲ. ಹೊಸಬರು ಹೆಚ್ಚಾಗಿ ಎಡವುವುದು ಇಲ್ಲೇ.

ಬೇಸಿಗೆಯಲ್ಲಿ ಒಂದು ದಿನಕ್ಕೆ ಒಣಗುವುದು ಆಷಾಢದಲ್ಲಿ ಮೂರು ದಿನ ಬೇಡುತ್ತದೆ. ಬಚ್ಚಲೊಲೆಯ ಪಕ್ಕ ಇಡಬೇಡಿ, ಮೇಲೆ ಕೆನೆಗಟ್ಟಿ ಬಿರಿಯುತ್ತದೆ. ಫ್ಯಾನ್ ಗಾಳಿ ಸಾಕು.

ಆಮೇಲೆ ಕಡುಗಂದು ಬಣ್ಣ, ಅದರ ಮೇಲೆ ಒಣ ಬ್ರಷ್ಷಿನಲ್ಲಿ ಇಟ್ಟಿಗೆ ಕೆಂಪು, ಕೊನೆಗೆ ತುಸುವೇ ಕಾವಿ ಹಳದಿ. ಅಂಚಿಗೆ ಫೆವಿಕಾಲ್ ಸವರಿ ಹಸಿರು ಬಣ್ಣದ ಮರದ ಹೊಟ್ಟು. ಎಲ್ಲಕ್ಕೂ ಹೊಳಪಿಲ್ಲದ ಮ್ಯಾಟ್ ವಾರ್ನಿಷ್, ಜಾಡಿನ ತಗ್ಗಿಗೆ ಮಾತ್ರ ಹೊಳೆಯುವ ಗ್ಲಾಸಿ ವಾರ್ನಿಷ್ ಎರಡು ಮೂರು ಸಲ. ಆಗ ಮಳೆ ನೀರು ನಿಂತ ಹಾಗೇ ಕಾಣುತ್ತದೆ.

ಎತ್ತಿಡುವಾಗ ತುಂಡುಗಳ ನಡುವೆ ಬಟರ್ ಪೇಪರ್ ಇರಲಿ, ಸೀಲಂಟಿಗೆ ಸೀಲಂಟ್ ತಾಗಿದರೆ ಕಚ್ಚಿಕೊಳ್ಳುತ್ತದೆ.