ಟೆಕ್ಸಾಸ್‌ನ ಸರ್ಕಾರಿ ಕಾಡಿನಲ್ಲಿ ಹಂದಿ, ಅಳಿಲು ಶಿಕಾರಿ: ಹೊಸದಾಗಿ ಬಂದವರಿಗೆ

ಹ್ಯೂಸ್ಟನ್ ಕಡೆಗೆ ಹೊಸದಾಗಿ ಬರುವ ನಮ್ಮವರಲ್ಲಿ, ಅದರಲ್ಲೂ ಕೊಡಗು, ಮಲೆನಾಡಿನ ಹುಡುಗರಲ್ಲಿ, ಶಿಕಾರಿಯ ವಿಷಯ ಕೇಳದವರು ಕಮ್ಮಿ. ಊರಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಬೇಟೆ ಅನ್ನುವುದು ಅಜ್ಜಂದಿರ ಬಾಯಲ್ಲಿ ಕಥೆಯಾಗಿ ಉಳಿಯಿತು. ಇಲ್ಲಿ ಹಾಗಲ್ಲ. ಟೆಕ್ಸಾಸ್‌ನಲ್ಲಿ ಕಾಡುಹಂದಿಗಳ ಸಂಖ್ಯೆ 20 ಲಕ್ಷ ದಾಟಿದೆ ಎಂಬ ಅಂದಾಜಿದೆ. ಹೊರಗಿನಿಂದ ಬಂದು ಬೆಳೆ, ಹೊಳೆದಂಡೆ ಎಲ್ಲವನ್ನೂ ಉತ್ತು ಹಾಕುವ ಪ್ರಾಣಿ ಅದು. ರಾಜ್ಯದ ನಿಯಮದಲ್ಲಿ ಅದಕ್ಕೆ ಸೀಸನ್ನೂ ಇಲ್ಲ, ಇಷ್ಟೇ ಹೊಡೆಯಬೇಕೆಂಬ ಮಿತಿಯೂ ಇಲ್ಲ. ಇದನ್ನು ಕೇಳಿದವರು ಮೊದಲು ಕೋವಿ ಅಂಗಡಿಯ ಕಡೆ ಹೊರಡುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ.

ವೀಸಾದಿಂದಲೇ ಶುರು ಮಾಡುತ್ತೇನೆ, ಯಾಕೆಂದರೆ ಇದನ್ನು ಇಲ್ಲಿನ ಅಮೆರಿಕನ್ ಗೆಳೆಯರು ನಿಮಗೆ ಹೇಳುವುದಿಲ್ಲ. ಅವರಿಗೆ ಅದರ ಅಗತ್ಯ ಬಂದಿರುವುದಿಲ್ಲ. ಎಚ್-1ಬಿ, ಎಚ್-4, ಎಲ್-1, ಎಫ್-1 ಇಂಥ ತಾತ್ಕಾಲಿಕ ವೀಸಾಗಳ ಮೇಲೆ ಬಂದವರು ಕೋವಿಯನ್ನಾಗಲಿ ತೋಟಾವನ್ನಾಗಲಿ ಇಟ್ಟುಕೊಳ್ಳುವುದನ್ನು ಫೆಡರಲ್ ಕಾನೂನು ನಿಷೇಧಿಸುತ್ತದೆ. ಅದಕ್ಕಿರುವ ಕೆಲವೇ ವಿನಾಯಿತಿಗಳಲ್ಲಿ ನಮಗೆ ಅನ್ವಯಿಸುವುದು ಒಂದು: ಅಮೆರಿಕದ ಯಾವುದಾದರೂ ರಾಜ್ಯ ಕೊಟ್ಟ, ಅವಧಿ ಮುಗಿಯದ ಬೇಟೆ ಲೈಸೆನ್ಸ್ ನಿಮ್ಮ ಹತ್ತಿರ ಇರಬೇಕು. ಗೆಳೆಯನ ಕೋವಿಯನ್ನು ಸುಮ್ಮನೆ ಕೈಗೆತ್ತಿಕೊಂಡರೂ ಅದು ನಿಮ್ಮ ವಶದಲ್ಲಿದ್ದಂತೆ ಲೆಕ್ಕ. ತಪ್ಪಿದರೆ 15 ವರ್ಷದವರೆಗೆ ಜೈಲು. ಅದರ ಮೇಲೆ ದೇಶ ಬಿಡಿಸುವ ಪ್ರಕರಣವೂ ಬೀಳಬಹುದು. ಟೆಕ್ಸಾಸ್‌ನ ಲೈಸೆನ್ಸ್ ಯಾವ ತಿಂಗಳಲ್ಲಿ ಕೊಂಡರೂ ಆಗಸ್ಟ್ 31ಕ್ಕೆ ಮುಗಿಯುತ್ತದೆ. ಮನೆಯಲ್ಲಿ ಕೋವಿ ಇದ್ದರೆ ಸೆಪ್ಟೆಂಬರ್ 1ರ ಬೆಳಿಗ್ಗೆ ಹೊಸದು ನಿಮ್ಮ ಜೇಬಿನಲ್ಲಿರಲೇಬೇಕು. ಗ್ರೀನ್ ಕಾರ್ಡ್ (ಕಾಯಂ ವಾಸದ ಪರವಾನಗಿ) ಬಂದವರಿಗೆ ಈ ತೊಡಕಿಲ್ಲ. ಕೊಡವರಿಗೆ ಊರಿನಲ್ಲಿ ಕೋವಿ ಲೈಸೆನ್ಸಿನಿಂದ ಇರುವ ವಿನಾಯಿತಿ ಇಲ್ಲಿ ನಡೆಯುವುದಿಲ್ಲ. ಸಂಶಯವಿದ್ದರೆ ಇಮಿಗ್ರೇಷನ್ ವಕೀಲರನ್ನು ಕೇಳಿ. ಆ ಫೀಸು ದಂಡವಾಗುವುದಿಲ್ಲ.

ಇನ್ನು ರಾಜ್ಯದ ಕಾಗದಗಳು. ಟೆಕ್ಸಾಸ್‌ನಲ್ಲಿ ಸತತ 6 ತಿಂಗಳಿಗಿಂತ ಹೆಚ್ಚು ಕಾಲ ಇದ್ದವರಿಗೆ ಬೇಟೆ ಲೈಸೆನ್ಸ್ 25 ಡಾಲರ್. ಹೊರಗಿನವರಿಗೆ ಸಾಮಾನ್ಯ ಲೈಸೆನ್ಸ್ 315. ಹಾಗಾಗಿ ಮೊದಲ 6 ತಿಂಗಳನ್ನು ಕಲಿಯುವುದಕ್ಕೆ ಬಳಸಿಕೊಳ್ಳಿ. 1971ರ ಸೆಪ್ಟೆಂಬರ್ 2 ಅಥವಾ ಅದರ ನಂತರ ಹುಟ್ಟಿದವರೆಲ್ಲ ಹಂಟರ್ ಎಜುಕೇಷನ್ ಎಂಬ ಬೇಟೆ ತರಬೇತಿ ಮುಗಿಸಬೇಕು. 17 ತುಂಬಿದವರು ಆನ್‌ಲೈನ್‌ನಲ್ಲೇ ಮುಗಿಸಬಹುದು, ಆದರೂ ಎದುರಿಗೆ ಕೂತು ಕಲಿಯುವ ತರಗತಿಗೆ ಹೋಗಿ. ಕೋವಿ ಹಿಡಿದು ಬೇಲಿ ದಾಟುವುದು ಹೇಗೆ ಅನ್ನುವುದನ್ನು ಪರದೆ ನೋಡಿ ಕಲಿಯಲಾಗದು. ಸರ್ಕಾರಿ ಬೇಟೆ ಜಾಗಗಳಿಗೆ 48 ಡಾಲರಿನ ವಾರ್ಷಿಕ ಪರ್ಮಿಟ್ ಬೇರೆ. ಖಾಸಗಿ ಜಮೀನಿನಲ್ಲಿ ಮಾಲೀಕರು ಒಪ್ಪಿದರೆ ಹಂದಿಗೆ ಲೈಸೆನ್ಸ್ ಬೇಡ ಎಂದು 2019ರಲ್ಲಿ ನಿಯಮ ಬದಲಾಯಿತು. ಅದನ್ನು ಅರ್ಧಂಬರ್ಧ ಕೇಳಿ ಸರ್ಕಾರಿ ಕಾಡಿಗೆ ಬರಿಗೈಲಿ ಹೋಗಬೇಡಿ. ವೀಸಾದವರಿಗಂತೂ ಖಾಸಗಿ ಜಮೀನಿನಲ್ಲೂ ಲೈಸೆನ್ಸೇ ರಕ್ಷೆ.

ನಮಗೆ ಹತ್ತಿರದ ದೊಡ್ಡ ಕಾಡು ಸ್ಯಾಮ್ ಹ್ಯೂಸ್ಟನ್ ನ್ಯಾಷನಲ್ ಫಾರೆಸ್ಟ್, ನಗರದಿಂದ ಸುಮಾರು 50 ಮೈಲಿ ಉತ್ತರಕ್ಕೆ, ಮಾಂಟ್ಗೊಮೆರಿ, ವಾಕರ್, ಸ್ಯಾನ್ ಜಸಿಂಟೋ ಕೌಂಟಿಗಳಲ್ಲಿ ಹರಡಿಕೊಂಡಿದೆ. 1,60,000 ಎಕರೆ ದಾಟುತ್ತದೆ, ಆದರೆ ಒಂದೇ ಪಟ್ಟಿಯಲ್ಲ. ನಡುನಡುವೆ ಖಾಸಗಿ ಜಮೀನು ಬರುತ್ತದೆ. ಬೇಲಿ ಕಾಣದಿದ್ದರೂ ಮರದ ಮೇಲೆ ನೆಟ್ಟಗೆ ಬಳಿದ ನೇರಳೆ ಬಣ್ಣದ ಗೆರೆ ಕಂಡರೆ ಅಲ್ಲಿಗೇ ನಿಲ್ಲಿ. ಪ್ರವೇಶವಿಲ್ಲ ಎಂಬ ಫಲಕಕ್ಕೆ ಟೆಕ್ಸಾಸ್ ಕಾನೂನಿನಲ್ಲಿ ಇರುವ ಬೆಲೆಯೇ ಆ ಗೆರೆಗೂ ಇದೆ. ಕೋವಿ ಹಿಡಿದು ಗಡಿ ದಾಟಿದರೆ ಅಪರಾಧ ಇನ್ನೂ ದೊಡ್ಡದಾಗುತ್ತದೆ. ಫೋನಿನಲ್ಲಿ ಗಡಿ ತೋರಿಸುವ ನಕ್ಷೆಯನ್ನು ಮನೆಯಲ್ಲೇ ಇಳಿಸಿಕೊಂಡು ಹೊರಡಿ, ಒಳಗೆ ಸಿಗ್ನಲ್ ನಂಬುವಂತಿಲ್ಲ. ಮೈಮೇಲೆ ಹೊಳೆಯುವ ಕಿತ್ತಳೆ ಬಣ್ಣ 400 ಚದರ ಇಂಚು ಇರಬೇಕು, ಅದರಲ್ಲಿ ಎದೆಗೆ 144, ಬೆನ್ನಿಗೆ 144. ತಲೆಗೂ ಕಿತ್ತಳೆ ಟೋಪಿ. ರಾತ್ರಿ ಶಿಕಾರಿ, ತಿನಿಸು ಚೆಲ್ಲಿ ಕಾಯುವುದು, ಇವು ಖಾಸಗಿ ರಾಂಚುಗಳ ಸಂಗತಿ, ಇಲ್ಲಿ ಬೇಡ. ಯಾವ ದಿನಗಳಲ್ಲಿ ಯಾವ ಕೋವಿ ಅನ್ನುವುದು ಜಾಗದಿಂದ ಜಾಗಕ್ಕೆ ಬದಲಾಗುತ್ತದೆ, ಸರ್ಕಾರಿ ಜಾಗದಲ್ಲಿ ಹಂದಿಗೂ ಆ ನಿಯಮ ಅನ್ವಯಿಸುತ್ತದೆ. ಸರ್ಕಾರಿ ಬೇಟೆ ಜಾಗಗಳ ನಕ್ಷೆ ಪುಸ್ತಕದಲ್ಲಿ ನಿಮ್ಮ ಜಾಗದ ಪುಟವನ್ನು ಪ್ರತಿ ವರ್ಷವೂ ಹೊಸದಾಗಿ ಓದಿ.

ಮೊದಲ ವರ್ಷ ಹಂದಿಯ ಹಿಂದೆ ಬೀಳಬೇಡಿ, ಅಳಿಲಿನಿಂದ ಕಲಿಯಿರಿ. ಇದು ನನ್ನ ಗಟ್ಟಿ ಅಭಿಪ್ರಾಯ. ಪೂರ್ವ ಟೆಕ್ಸಾಸ್‌ನಲ್ಲಿ ಅಳಿಲಿನ ಸೀಸನ್ ಅಕ್ಟೋಬರ್ 1ಕ್ಕೆ ಶುರುವಾಗಿ ಫೆಬ್ರುವರಿ ಕೊನೆಯವರೆಗೆ ನಡೆಯುತ್ತದೆ, ಮೇ ತಿಂಗಳಲ್ಲಿ ಮತ್ತೆ ಬರುತ್ತದೆ. ದಿನಕ್ಕೆ 10ರ ಮಿತಿ. ನವೆಂಬರ್ ಮೊದಲ ಶನಿವಾರದಿಂದ ಜಿಂಕೆ ಸೀಸನ್‌ನ ಗದ್ದಲ, ಆಗ ಬಿಡಿ. ಜನವರಿ ನಡುವಿನಲ್ಲಿ ಹೋದರೆ ಎಲೆ ಉದುರಿರುತ್ತದೆ, ಉಣ್ಣಿ, ಹಾವುಗಳ ಕಾಟವೂ ಕಮ್ಮಿ. ಬೆಳಕು ಹರಿಯುವ ಮೊದಲೇ ಓಕ್, ಹಿಕೊರಿ ಮರಗಳಿರುವ ಹಳ್ಳದ ಬದಿಯಲ್ಲಿ ಮರಕ್ಕೆ ಬೆನ್ನು ಕೊಟ್ಟು ಕೂರಿ. ಅಲುಗಾಡದೆ ಕೂತರೆ ಕಾಡು ನಿಮ್ಮನ್ನು ಮರೆಯುತ್ತದೆ. ಮೊದಲು ಕಣ್ಣಿಗೆ ಏನೂ ಬೀಳದು. ಒಣ ಎಲೆಯ ಮೇಲೆ ಕಾಯಿಯ ಸಿಪ್ಪೆ ಚೂರು ಉದುರುವ ಸದ್ದು ಕೇಳುತ್ತದೆ. ಮೇಲೆ ನೋಡಿದರೆ ಕೊಂಬೆಯ ತುದಿ ಗಾಳಿಯಿಲ್ಲದೆ ತೂಗುತ್ತಿರುತ್ತದೆ. ನಿಮ್ಮನ್ನು ಕಂಡ ಅಳಿಲು ಕಾಂಡದ ಆಚೆ ಬದಿಗೆ ಸರಿದು ಅಂಟಿಕೊಳ್ಳುತ್ತದೆ. ಆಗ ಆಚೆಗೊಂದು ಕಡ್ಡಿ ಎಸೆದರೆ ಎಷ್ಟೋ ಸಲ ಈಚೆಗೆ ಬರುತ್ತದೆ. 20 ಗೇಜ್ ಶಾಟ್‌ಗನ್‌ಗೆ 6ನೇ ನಂಬರಿನ ಚರೆ ಸಾಕು. ಪಾಯಿಂಟ್ 22 ರೈಫಲ್ಲಿನ ಗುಂಡು ಒಂದು ಮೈಲಿ ದಾಟಿ ಹೋಗಬಲ್ಲದು, ಹಿಂದೆ ದಪ್ಪ ಕಾಂಡವಿಲ್ಲದೆ ಆಕಾಶದ ಕಡೆ ಅದನ್ನು ಹಾರಿಸಲೇಬಾರದು.

ಕೆಲವರಿಗೆ ಅಳಿಲು ಅಂದಕೂಡಲೇ ಸೇತುವೆ ಕಟ್ಟಿದ ಕಥೆ ನೆನಪಾಗಿ ಮನಸ್ಸು ಒಪ್ಪುವುದಿಲ್ಲ. ಇಲ್ಲಿಯ ಫಾಕ್ಸ್ ಅಳಿಲಿಗೆ, ಬೂದು ಅಳಿಲಿಗೆ ಬೆನ್ನ ಮೇಲೆ ಗೆರೆಗಳಿಲ್ಲ, ಗಾತ್ರದಲ್ಲೂ ದೊಡ್ಡವು. ಆದರೂ ಒಪ್ಪದವರನ್ನು ಬಲವಂತ ಮಾಡಬೇಡಿ, ಕೋವಿಯಿಲ್ಲದೆ ಜೊತೆಗೆ ಬರಲಿ. ಅವರಿಗೂ ಕಿತ್ತಳೆ ಅಂಗಿ ಹಾಕಿಸಿ.

ಹೀಗೆ ಕೂರಲು ಬಂದವರಿಗೆ ಹಂದಿ ಕಷ್ಟವಲ್ಲ. ಅದರ ಕಣ್ಣು ಮಂದ, ಮೂಗು ಬಲು ಚುರುಕು. ಗಾಳಿ ನಿಮ್ಮ ಮುಖಕ್ಕೆ ಬೀಸುತ್ತಿರಬೇಕು. ನೆಲ ಕೆದಕಿದ ಗುರುತು, ಕೆಸರು ಹೊಂಡ, ಪಕ್ಕದ ಪೈನ್ ಮರದ ಬುಡದಲ್ಲಿ ಮೈ ಉಜ್ಜಿದ ಮಣ್ಣು ಹುಡುಕಿ. ಆ ಮಣ್ಣು ಇನ್ನೂ ಒದ್ದೆಯಿದ್ದರೆ ಹತ್ತಿರದಲ್ಲೇ ಇದೆ. ಹಂದಿಯ ಹೆಜ್ಜೆ ಜಿಂಕೆಯದಕ್ಕಿಂತ ಗುಂಡು, ತುದಿ ಮೊಂಡು. ಒಂಟಿ ಗಂಡಿನ ಭುಜದ ಚರ್ಮದಡಿ ದಪ್ಪ ಗುರಾಣಿಯಂಥ ಪದರವಿರುತ್ತದೆ, ಸಣ್ಣ ಗುಂಡಿಗೆ ಅದು ಜಗ್ಗದು. ಗಾಯಗೊಂಡ ಹಂದಿಯನ್ನು ಹಳುವಿನೊಳಗೆ ಒಬ್ಬರೇ ಹಿಂಬಾಲಿಸಬೇಡಿ.

ಮಾಂಸದ ವಿಷಯದಲ್ಲಿ ಅವಸರ ಬೇಡ, ಆದರೆ ತಡವೂ ಬೇಡ. ಇಲ್ಲಿಯ ಸೆಕೆಗೆ ಬೇಗ ಕೆಡುತ್ತದೆ, ಕಾರಿನಲ್ಲಿ ಐಸ್ ತುಂಬಿದ ಪೆಟ್ಟಿಗೆ ಇರಲಿ. ಅಳಿಲಿನ ಬಾಲದ ಬುಡವನ್ನು ಕೆಳಗಿನಿಂದ ಕೊಯ್ದು, ಬಾಲವನ್ನು ಬೂಟಿನಡಿ ಮೆಟ್ಟಿ ಹಿಂಗಾಲು ಹಿಡಿದು ಮೇಲಕ್ಕೆ ಎಳೆದರೆ ಚರ್ಮ ಅಂಗಿ ಕಳಚಿದಂತೆ ಬರುತ್ತದೆ. ಕಾಡುಹಂದಿಗಳಲ್ಲಿ ಬ್ರುಸೆಲ್ಲೋಸಿಸ್ ಎಂಬ ಸೋಂಕು ರೋಗ ಇರುತ್ತದೆ, ರಕ್ತದಿಂದ ಮನುಷ್ಯರಿಗೂ ಅಂಟುತ್ತದೆ. ರಬ್ಬರ್ ಕೈಗವಸು ಇಲ್ಲದೆ ಕೊಯ್ಯಬೇಡಿ. ಮುಂದೆ ಬಿಟ್ಟು ಬಿಟ್ಟು ಜ್ವರ ಬಂದರೆ ಹಂದಿ ಕೊಯ್ದದ್ದನ್ನು ಡಾಕ್ಟರಿಗೆ ಮೊದಲೇ ಹೇಳಿ. ಒಳಗಿನ ಬಿಸಿ 160 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟುವವರೆಗೆ ಬೇಯಿಸಿ. ಕಾಚಂಪುಳಿಯನ್ನು (ಕೊಡಗಿನ ಕಪ್ಪು ಹುಳಿರಸ) ಊರಿನಿಂದ ತಂದಿಟ್ಟುಕೊಂಡವರ ಮನೆಯಲ್ಲಿ ಪಂದಿ ಕರಿ, ಅಂದರೆ ಕೊಡವರ ಹಂದಿ ಸಾರು, ಚೆನ್ನಾಗಿಯೇ ಆಗುತ್ತದೆ. ನೆರೆಹೊರೆಗೆ ಕೊಡಿ, ಹಬ್ಬದ ಊಟಕ್ಕೆ ಒಯ್ಯಿರಿ, ಆದರೆ ದುಡ್ಡು ಮಾತ್ರ ತೆಗೆದುಕೊಳ್ಳಬೇಡಿ. ಹೊಡೆದ ಪ್ರಾಣಿಯ ಮಾಂಸ ಮಾರುವುದು ಇಲ್ಲಿ ಅಪರಾಧ.