ನಾಸ್ಕಾರ್ ಅಂತಿಮ ಅಂಕಪಟ್ಟಿ: ಲೆಕ್ಕ ನೀವೇ ಹಾಕಿ ನೋಡುವುದು ಹೇಗೆ

ಅಮೆರಿಕದ ಕಾರು ರೇಸ್ ಸಂಸ್ಥೆ ನಾಸ್ಕಾರ್‌ನ ಹಳೆಯ ಸೀಸನ್‌ನ ಅಂಕಪಟ್ಟಿ ಸರಿಯಿದೆಯೇ ಎಂದು ತಾಳೆ ನೋಡಲು ಕೊನೆಯ ರೇಸಿನ ಲೆಕ್ಕ ಹಾಕಿದರೆ ಸಾಕು. ಅಭ್ಯಾಸಕ್ಕೆ 1992ರ ವಿನ್‌ಸ್ಟನ್ ಕಪ್ (ನಾಸ್ಕಾರ್‌ನ ಮುಖ್ಯ ಸರಣಿಗೆ ಆಗಿದ್ದ ಹೆಸರು) ತೆಗೆದುಕೊಳ್ಳಿ. ಅಷ್ಟು ಚೆಂದದ ಲೆಕ್ಕ ಇನ್ನೊಂದು ಸಿಗುವುದು ಕಷ್ಟ.

1975ರಿಂದ 2003ರವರೆಗೆ ಒಂದೇ ಪದ್ಧತಿ. ಗೆದ್ದವರಿಗೆ 175. ಆರನೇ ಸ್ಥಾನದವರೆಗೆ ಐದೈದು ಕಡಿಮೆ (170ರಿಂದ 150), 7ರಿಂದ 11ರವರೆಗೆ ನಾಲ್ಕು ನಾಲ್ಕು (146ರಿಂದ 130), ಅಲ್ಲಿಂದ ಕೆಳಗೆ ಮೂರು ಮೂರು. 12ನೇ ಸ್ಥಾನದಿಂದಾಚೆಗೆ ಸುಲಭದ ದಾರಿಯಿದೆ: ಸ್ಥಾನವನ್ನು 3ರಿಂದ ಗುಣಿಸಿ 163ರಿಂದ ಕಳೆಯಿರಿ. 27ನೇ ಸ್ಥಾನಕ್ಕೆ 82 ಬರುತ್ತದೆ.

ಆಮೇಲೆ ಬೋನಸ್. ಒಂದೇ ಒಂದು ಲ್ಯಾಪ್‌ನಲ್ಲಿ (ಟ್ರ್ಯಾಕಿನ ಒಂದು ಸುತ್ತು) ಎಲ್ಲರಿಗಿಂತ ಮುಂದಿದ್ದರೂ 5, ಅತಿ ಹೆಚ್ಚು ಲ್ಯಾಪ್ ಮುಂದಿದ್ದವರಿಗೆ ಇನ್ನೂ 5. ಲ್ಯಾಪ್ ಮುಗಿಸುವ ಗೆರೆ ದಾಟುವಾಗ ಯಾರು ಮುಂದೆ ಎಂಬುದಷ್ಟೇ ಲೆಕ್ಕಕ್ಕೆ. ಹೆಚ್ಚಿನವರು ತಪ್ಪುವುದು ಇಲ್ಲೇ: ಎರಡನೇ ಬೋನಸ್ ಸೇರಿಸಿ ಮೊದಲನೆಯದನ್ನು ಮರೆಯುತ್ತಾರೆ.

ಈಗ ಆ ಸೀಸನ್‌ನ ಕೊನೆಯ ರೇಸ್, ಅಟ್ಲಾಂಟಾ. ರೇಸಿಗೆ ಮುಂಚೆ ಡೇವಿ ಆಲಿಸನ್ 3928, ಅಲನ್ ಕುಲ್ವಿಕಿ 3898, ಬಿಲ್ ಎಲಿಯಟ್ 3888. ಆಲಿಸನ್ ಅಪಘಾತಕ್ಕೆ ಸಿಕ್ಕಿ 27ನೆಯವರಾದರು. 82ಕ್ಕೆ ಮುನ್ನಡೆಯ 5 ಸೇರಿಸಿದರೆ ಒಟ್ಟು 4015. ಗೆದ್ದ ಎಲಿಯಟ್‌ಗೆ 175 ಮತ್ತು 5, ಅಂದರೆ 4068. ಎರಡನೆಯವರಾದ ಕುಲ್ವಿಕಿಗೆ 170, ಜೊತೆಗೆ ಎರಡೂ ಬೋನಸ್, ಒಟ್ಟು 4078. ಕುಲ್ವಿಕಿ ಮುಂದಿದ್ದದ್ದು 103 ಲ್ಯಾಪ್, ಎಲಿಯಟ್ 102. ಒಂದೇ ಒಂದು ಲ್ಯಾಪ್ ಎಲಿಯಟ್ ಕಡೆಗೆ ಹೋಗಿದ್ದರೆ ಆ 5 ಅಂಕ ಕೈ ಬದಲಾಯಿಸಿ ಇಬ್ಬರೂ 4073ಕ್ಕೆ ನಿಲ್ಲುತ್ತಿದ್ದರು. ಸಮವಾದಾಗ ನೋಡುವುದು ಗೆಲುವುಗಳನ್ನು: ಆ ವರ್ಷ ಎಲಿಯಟ್‌ಗೆ 5, ಕುಲ್ವಿಕಿಗೆ 2. ಚಾಂಪಿಯನ್ ಹೆಸರೇ ಬೇರೆಯಾಗುತ್ತಿತ್ತು!

ಇಷ್ಟಾದರೂ ಮೊತ್ತ ತಾಳೆಯಾಗದಿದ್ದರೆ ಮೊದಲು ದಂಡವಾಗಿ ಕಳೆದ ಅಂಕಗಳೇನಾದರೂ ಇವೆಯೇ ನೋಡಿ. ನಂತರ ನಡುವೆ ಚಾಲಕ ಬದಲಾದ ರೇಸುಗಳನ್ನು ಹುಡುಕಿ. ಅಂಕ ಸೇರುವುದು ರೇಸ್ ಆರಂಭಿಸಿದವರ ಖಾತೆಗೆ. ಕಾರಿನ ಮಾಲೀಕರ ಅಂಕಪಟ್ಟಿಯೇ ಬೇರೆ, ಅದನ್ನು ತಂದು ಇಲ್ಲಿಗೆ ಹೋಲಿಸಬೇಡಿ.

2004ರಿಂದ ಮುಂದಿನ ಪಟ್ಟಿಗೆ ಈ ಲೆಕ್ಕ ನಡೆಯದು. ಅಲ್ಲಿಂದ ಕೊನೆಯ 10 ರೇಸುಗಳಿಗೆ ಮುಂಚೆ ಮುಂಚೂಣಿಯವರ ಅಂಕಗಳನ್ನು ಹೊಸದಾಗಿ ನಿಗದಿ ಮಾಡುತ್ತಿದ್ದರು, ಹಾಗಾಗಿ ಇಡೀ ವರ್ಷದ ಅಂಕ ಕೂಡಿಸಿದರೆ ಉತ್ತರ ತಪ್ಪುತ್ತದೆ. 2011ರಲ್ಲಿ ಗೆಲುವಿಗೆ 43 ಅಂಕ, ಮೇಲೆ 3 ಬೋನಸ್, ಪ್ರತಿ ಸ್ಥಾನಕ್ಕೂ ಒಂದೊಂದು ಕಡಿಮೆ ಎಂಬ ಪದ್ಧತಿ ಬಂತು. ಅದೇ ವರ್ಷ ಟೋನಿ ಸ್ಟೀವರ್ಟ್, ಕಾರ್ಲ್ ಎಡ್ವರ್ಡ್ಸ್ ಇಬ್ಬರೂ 2403ಕ್ಕೆ ಸಮವಾದರು. ಒಂದು ಗೆಲುವಿನ ಎಡ್ವರ್ಡ್ಸ್‌ಗಿಂತ ಐದು ಗೆಲುವಿನ ಸ್ಟೀವರ್ಟ್ ಮೇಲಾದರು.