ಹಾವಸೆಯ ಮಟ್ಟದಲ್ಲಿ ತಾಪಮಾನ ಅಳೆಯುವುದು: ನನ್ನ ಅನುಭವ

ಹವಾಮಾನ ಕೇಂದ್ರದ ತಾಪಮಾಪಕ ಬಯಲಿನಲ್ಲಿ, ನೆಲದಿಂದ ಒಂದೂವರೆ ಎರಡು ಮೀಟರ್ ಎತ್ತರದಲ್ಲಿ, ಬಿಸಿಲು ತಾಗದ ಬಿಳಿ ಪೆಟ್ಟಿಗೆಯೊಳಗಿರುತ್ತದೆ. ನಾನು ಬೆನ್ನುಹತ್ತಿರುವ ಲಿನೇಯಾ ಬೋರಿಯಾಲಿಸ್ ಎಂಬ ಸಸ್ಯವಾದರೋ ಹಾವಸೆಯ (ಕಾಡಿನ ನೆಲವನ್ನು ಮೆತ್ತಗೆ ಹೊದ್ದಿರುವ ಮಾಸ್ ಸಸ್ಯಗಳ) ಮೇಲೆ ಹರಿದು, ಬೆರಳುದ್ದದ ದಂಟಿನ ತುದಿಯಲ್ಲಿ ಎರಡು ನಸುಗೆಂಪು ಹೂಗಳನ್ನು ತೂಗಬಿಡುವಷ್ಟರಲ್ಲಿ ತನ್ನ ಎತ್ತರ ಮುಗಿಸಿರುತ್ತದೆ. ಸ್ವೀಡನ್ನಿನ ಉಪ್ಸಾಲಾ ನಗರದ ಉತ್ತರಕ್ಕೆ, ಡಾಲೆಲ್ವೆನ್ ನದಿಯ ಆಸುಪಾಸಿನಲ್ಲಿ, ದಕ್ಷಿಣದ ಓಕ್ ಮರಗಳು ವಿರಳವಾಗಿ ಬೋರಿಯಲ್ ವಲಯದ, ಎಂದರೆ ಉತ್ತರದ ಚಳಿಸೀಮೆಯ, ಸೂಜಿ ಎಲೆಗಳ ಸ್ಪ್ರೂಸ್ ಮತ್ತು ಪೈನ್ ಕಾಡು ಮೇಲುಗೈ ಪಡೆಯುತ್ತದೆ. ಇಂಥ ಗಡಿಸೀಮೆಯಲ್ಲಿ ಉತ್ತರದ ಸಸ್ಯಗಳು ಯಾವ ಯಾವ ತಂಪು ಮೂಲೆಗಳನ್ನು ನೆಚ್ಚಿಕೊಂಡಿವೆ ಎಂದು ತಿಳಿಯಬೇಕಾದರೆ ಸಸ್ಯ ಇರುವ ಎತ್ತರಕ್ಕೇ ಬಗ್ಗಿ ಅಳೆಯಬೇಕು.

ಇದಕ್ಕೆ ನಾನು ಬಳಸುವುದು ಜೆಕ್ ದೇಶದಲ್ಲಿ ತಯಾರಾಗುವ ಟಿಎಂಎಸ್-4 ಎಂಬ ಲಾಗರ್, ಅಂದರೆ ಅಳತೆಗಳನ್ನು ತಾನೇ ದಾಖಲಿಸಿಟ್ಟುಕೊಳ್ಳುವ ಉಪಕರಣ. ಒಂದೇ ಕಡ್ಡಿಯಲ್ಲಿ ಮೂರು ತಾಪ ಸೆನ್ಸರ್‌ಗಳಿದ್ದು, ಒಂದು ನೆಲದೊಳಗೆ ಸುಮಾರು 6 ಸೆಂ.ಮೀ. ಆಳದಲ್ಲಿ, ಇನ್ನೊಂದು ನೆಲಕ್ಕೆ ತಾಗಿದಂತೆ 2 ಸೆಂ.ಮೀ. ಮೇಲೆ, ಮತ್ತೊಂದು 15 ಸೆಂ.ಮೀ. ಎತ್ತರದಲ್ಲಿ ಕೆಲಸ ಮಾಡುತ್ತದೆ. ಜೊತೆಗೆ ಮಣ್ಣಿನ ತೇವವೂ ದಾಖಲಾಗುತ್ತದೆ. 15 ನಿಮಿಷಕ್ಕೊಮ್ಮೆ ಓದುವಂತೆ ಹೊಂದಿಸಿದರೆ ದಿನಕ್ಕೆ 96 ದಾಖಲೆಗಳು ಸಿಗುತ್ತವೆ. ಕಾಡಿಗೆ ಒಯ್ಯುವ ಮೊದಲು ಎಲ್ಲ ಲಾಗರ್‌ಗಳನ್ನೂ ಒಂದೇ ಮುಚ್ಚಿದ ಪೆಟ್ಟಿಗೆಯಲ್ಲಿಟ್ಟು, ಅವು ತಮ್ಮತಮ್ಮಲ್ಲಿ ಎಷ್ಟು ಭಿನ್ನವಾಗಿ ಓದುತ್ತವೆ ಎಂದು ಬರೆದಿಟ್ಟುಕೊಳ್ಳುತ್ತೇನೆ. ಹತ್ತು ಹೆಜ್ಜೆ ಅಂತರದ ಎರಡು ತಾಣಗಳ ನಡುವಿನ ನಿಜವಾದ ವ್ಯತ್ಯಾಸವೇ ಕೆಲವೊಮ್ಮೆ ಅರ್ಧ ಡಿಗ್ರಿಯಷ್ಟಿರುವಾಗ, ಉಪಕರಣಗಳ ಸಣ್ಣ ಭಿನ್ನತೆಯನ್ನೂ ಕಡೆಗಣಿಸುವಂತಿಲ್ಲ.

ಎಲ್ಲಕ್ಕಿಂತ ಹೆಚ್ಚು ಯೋಚನೆ ಬೇಡುವುದು ನೆಲ ಎಲ್ಲಿಂದ ಆರಂಭವಾಗುತ್ತದೆ ಎಂಬ ಪ್ರಶ್ನೆ. ಸ್ಪ್ರೂಸ್ ಕಾಡಿನಲ್ಲಿ ಕಾಲಿಟ್ಟರೆ ಮೊದಲು ಸಿಗುವುದು ಹಾವಸೆ, ಅದರಡಿ ಅರೆಕೊಳೆತ ಸೂಜಿ ಎಲೆಗಳು, ಅದರಡಿ ಪೂರ್ತಿ ಕೊಳೆತ ಎಲೆಕಸದ ಕಪ್ಪು ಪದರವಾದ ಹ್ಯೂಮಸ್, ಖನಿಜ ಮಣ್ಣು ಅದಕ್ಕೂ ಕೆಳಗೆ. ಹೈಲೋಕೋಮಿಯಂ ಸ್ಪ್ಲೆಂಡೆನ್ಸ್ ಎಂಬ ಹಾವಸೆಯಲ್ಲಿ ಹಿಂದಿನ ವರ್ಷದ ಗರಿಯ ಬೆನ್ನಿನಿಂದ ಈ ವರ್ಷದ ಗರಿ ಏಳುತ್ತದೆ. ಒಂದು ಎಳೆಯನ್ನು ಮೆಲ್ಲಗೆ ಬಿಡಿಸಿ ಹಿಡಿದರೆ ಮೇಲೆ ಹಸಿರು, ಕೆಳಕೆಳಗೆ ಕಂದು, ಹೀಗೆ ವರ್ಷಗಳನ್ನು ಎಣಿಸಬಹುದು. ಇಂಥ ದಪ್ಪ ಹಾಸಿನಲ್ಲಿ ಕಡ್ಡಿಯನ್ನು ಹಾವಸೆಯ ಮೇಲ್ಮೈಗೆ ಸರಿಹೊಂದಿಸಿ ಊರಿದರೆ ಕೆಳಗಿನ ಸೆನ್ಸರ್ ಮಣ್ಣನ್ನು ಮುಟ್ಟುವುದೇ ಇಲ್ಲ. ಹ್ಯೂಮಸ್ಸಿಗೆ ಸರಿಹೊಂದಿಸಿದರೆ ನಡುವಿನ ಸೆನ್ಸರ್ ಹಾವಸೆಯೊಳಗೆ ಹೂತುಹೋಗಿ ಗಾಳಿಯ ಬದಲು ಹಾವಸೆಯ ತಾಪವನ್ನೇ ಹೇಳುತ್ತದೆ. ಲಿನೇಯಾದ ಎಲೆಗಳು ಹಾವಸೆಯ ಮೇಲೆಯೇ ಇರುವುದರಿಂದ ನಾನು ಮೇಲ್ಮೈಯನ್ನು ಸೊನ್ನೆಯೆಂದು ಹಿಡಿದು, ಪ್ರತಿ ತಾಣದಲ್ಲೂ ಹಾವಸೆ ಮತ್ತು ಹ್ಯೂಮಸ್ಸಿನ ದಪ್ಪವನ್ನು ಪ್ರತ್ಯೇಕವಾಗಿ ಅಳೆದು ನಮೂದಿಸುತ್ತೇನೆ. ತೇವದ ಸಂಕೇತವನ್ನು ನೀರಿನ ಪ್ರಮಾಣಕ್ಕೆ ಪರಿವರ್ತಿಸುವಾಗಲೂ ಈ ದಾಖಲೆ ಬೇಕಾಗುತ್ತದೆ, ಏಕೆಂದರೆ ಮರಳು ಮಣ್ಣಿಗೆ ಒಪ್ಪುವ ಸೂತ್ರ ಹ್ಯೂಮಸ್ಸಿಗೆ ಒಪ್ಪುವುದಿಲ್ಲ.

ತಾಣಗಳ ಆಯ್ಕೆಯಲ್ಲಿ ಬಿಸಿಲಿನ ಓರೆಯನ್ನು ಗಮನಿಸಬೇಕು. ಮಲೆನಾಡಿನಲ್ಲಿ ಸೂರ್ಯ ನೆತ್ತಿಯ ಮೇಲೆ ಬರುವುದರಿಂದ ಮೇಲಿನ ಎಲೆಹಂದರವನ್ನು ನೋಡಿಯೇ ನೆರಳನ್ನು ಅಂದಾಜಿಸಬಹುದು. 60 ಡಿಗ್ರಿ ಅಕ್ಷಾಂಶದ ಈ ಕಾಡಿನಲ್ಲಿ ಜೂನ್ ತಿಂಗಳ ನಡುಹಗಲಿನಲ್ಲೂ ಸೂರ್ಯ ದಿಗಂತದಿಂದ ಸುಮಾರು 53 ಡಿಗ್ರಿಗಿಂತ ಮೇಲೇರುವುದಿಲ್ಲ. ದಕ್ಷಿಣದ ಮಗ್ಗುಲಲ್ಲಿ ಮರ ಕಡಿದ ಬಯಲಿದ್ದರೆ ಬಿಸಿಲು ಕಾಂಡಗಳ ನಡುವಿನಿಂದ ಬಹು ದೂರದವರೆಗೆ ಒಳನುಗ್ಗುತ್ತದೆ. ಬಿಸಿಲು ನೇರವಾಗಿ ಬಿದ್ದರೆ, ಬಿಳಿ ಮುಸುಕಿದ್ದರೂ, ಸೆನ್ಸರ್ ತಾನೇ ಕಾದು ಗಾಳಿಗಿಂತ ಹೆಚ್ಚಿನ ಅಂಕಿ ಕೊಡುತ್ತದೆ. ಆದ್ದರಿಂದ ಪ್ರತಿ ತಾಣದಿಂದಲೂ ಆಕಾಶಕ್ಕೆ ಮುಖಮಾಡಿ, ಸುತ್ತಲ ಇಡೀ ಆಕಾಶ ಒಂದೇ ಚೌಕಟ್ಟಿನಲ್ಲಿ ಬರುವ ಅರ್ಧಗೋಳ ಚಿತ್ರವನ್ನು ತೆಗೆದು, ಬಿಸಿಲಿನ ಹಾದಿ ಎಲ್ಲಿ ತೆರೆದಿದೆಯೆಂದು ನೋಡಿಕೊಳ್ಳುತ್ತೇನೆ.

ಬೇಸಿಗೆಯ ಗರಿಷ್ಠ ತಾಪಕ್ಕಷ್ಟೇ ಗಮನ ಕೊಡುವವರ ಬಗ್ಗೆ ನನಗೆ ತಕರಾರಿದೆ, ಏಕೆಂದರೆ ಚಳಿಗಾಲದಲ್ಲಿ ಲೆಕ್ಕ ತಲೆಕೆಳಗಾಗುತ್ತದೆ. ಹಿಮ ದಪ್ಪಗೆ ಬಿದ್ದೆಡೆ ನೆಲಕ್ಕೆ ಕಂಬಳಿ ಹೊದಿಸಿದಂತಾಗಿ, ಹೊರಗೆ ಎಷ್ಟೇ ಚಳಿಯಿದ್ದರೂ ಹಾವಸೆಯ ತಾಪ ಸೊನ್ನೆಯ ಆಸುಪಾಸಿನಲ್ಲೇ ನಿಲ್ಲುತ್ತದೆ. ದಟ್ಟ ಸ್ಪ್ರೂಸ್ ಕೊಂಬೆಗಳು ಹಿಮವನ್ನು ಮೇಲೆಯೇ ತಡೆಹಿಡಿಯುವುದರಿಂದ ಅವುಗಳ ಬುಡದಲ್ಲಿ ಹೊದಿಕೆ ತೆಳುವಾಗಿರುತ್ತದೆ; ಬೇಸಿಗೆಯಲ್ಲಿ ಅತಿ ತಂಪಾಗಿದ್ದ ಜಾಗವೇ ಜನವರಿಯಲ್ಲಿ ಹೆಚ್ಚು ಹೆಪ್ಪುಗಟ್ಟಬಹುದು. ಹಿಮದ ಅವಧಿಯನ್ನು ಕ್ಯಾಮೆರಾ ಇಲ್ಲದೆಯೂ ಓದಬಹುದು: ಹಗಲುರಾತ್ರಿಯ ಏರಿಳಿತ ನೆಲಮಟ್ಟದ ಸೆನ್ಸರಿನ ತಾಪದ ಗೆರೆಯಲ್ಲಿ ಅಳಿಸಿಹೋದರೆ ಆ ಸೆನ್ಸರ್ ಹಿಮದಡಿ ಹೂತಿದೆ, ಮತ್ತೆ ಏರಿಳಿತ ಕಾಣಿಸಿದ ದಿನ ಹಿಮ ಕರಗಿದೆ. ಬಿಲ್‌ಬೆರಿ ಎಂಬ ಕುಳ್ಳ ಹಣ್ಣಿನ ಪೊದೆಯ ಚಿಗುರುಗಳು ತೆಳು ಹಿಮದ ಮೇಲೆ ತಲೆಯೆತ್ತಿ ಚಳಿಗೆ ಸುಟ್ಟುಹೋಗಿದ್ದರೆ ಕಾರಣವನ್ನೂ ಈ ಗೆರೆಯಲ್ಲೇ ಹುಡುಕುತ್ತೇನೆ.

ವಸಂತದಲ್ಲಿ ನೋಡಿದರೆ ಹೆಪ್ಪುಗಟ್ಟಿದ ನೆಲ ಉಬ್ಬಿ ಕಡ್ಡಿಯನ್ನು ಮೇಲೆತ್ತಿರುತ್ತದೆ, ಇಲ್ಲವೇ ಕಾಡುಹಂದಿ ಹಾವಸೆ ಕೆದಕಿ ಅದನ್ನು ಕಿತ್ತೆಸೆದಿರುತ್ತದೆ. ತೇವದ ಅಂಕಿ ಏಕಾಏಕಿ ಕುಸಿದು, ಮೂರೂ ಸೆನ್ಸರ್‌ಗಳು ಒಂದೇ ತಾಪ ಹೇಳತೊಡಗಿದ ಗಳಿಗೆಯಿಂದ ಮುಂದಿನದನ್ನೆಲ್ಲ ವಿಶ್ಲೇಷಣೆಯಿಂದ ಕೈಬಿಡುತ್ತೇನೆ. ಉಳಿದದ್ದರಿಂದ ಸರಾಸರಿಗಿಂತ ಹೆಚ್ಚಾಗಿ ದೈನಿಕ ಗರಿಷ್ಠಗಳ 95ನೇ ಪರ್ಸೆಂಟೈಲನ್ನೂ (ನೂರರಲ್ಲಿ 95 ದಿನಗಳ ಗರಿಷ್ಠ ಮೀರದ ಅಂಕಿ) ಕನಿಷ್ಠಗಳ 5ನೇ ಪರ್ಸೆಂಟೈಲನ್ನೂ ತೆಗೆಯುತ್ತೇನೆ. ಅಪರೂಪಕ್ಕೊಮ್ಮೆ ಬಿಸಿಲ ಚುಕ್ಕೆ ಸೆನ್ಸರಿನ ಮೇಲೆ ಬಿದ್ದು ಜಿಗಿದ ಅಂಕಿಗೆ ಇದರಲ್ಲಿ ಅಷ್ಟು ಬಲವಿರುವುದಿಲ್ಲ.